ಗುಮಾಸ್ತರ ಫೈಲು, ನನ್ನ ಲ್ಯಾಂಬ್ಡಾ

ಚನ್ನಗಿರಿ ಕಡೆಯ ಅಡಿಕೆ ಮಂಡಿಯೊಂದಕ್ಕೆ ಸಣ್ಣ ಕೆಲಸ ಮಾಡಿಕೊಟ್ಟಿದ್ದೇನೆ. ಗುಮಾಸ್ತರು ಸಂಜೆ ತೂಕದ ಫೈಲನ್ನು ಎಸ್‌ತ್ರೀ ಬಕೆಟ್‌ಗೆ, ಅಂದರೆ ಅಮೆಜಾನ್ ಕ್ಲೌಡ್‌ನ ಫೈಲ್ ಡಬ್ಬಿಗೆ ಹಾಕುತ್ತಾರೆ. ಆಗ ಒಂದು ಲ್ಯಾಂಬ್ಡಾ ಫಂಕ್ಷನ್ (ಕರೆದಾಗ ಮಾತ್ರ ಅದೇ ಕ್ಲೌಡ್‌ನಲ್ಲಿ ಓಡುವ ಸಣ್ಣ ಕೋಡ್) ಎದ್ದು, ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ಬೇರೆ ಮಾಡಿ, ಯಾವ ರೈತರದ್ದು ಎಷ್ಟು ಅಂತ ಡೈನಮೋಡಿಬಿ ಅನ್ನುವ ಡೇಟಾಬೇಸ್‌ನಲ್ಲಿ ಬರೆದಿಡುತ್ತದೆ. ಇನ್ನೊಂದು ಫಂಕ್ಷನ್ ಬೆಳಗಿನ 5 ಗಂಟೆಗೆ ಸಾಹುಕಾರರ ಮೊಬೈಲ್‌ಗೆ ಪಟ್ಟಿ ಕಳಿಸುತ್ತದೆ. ಇಷ್ಟೇ.

ಮೊದಮೊದಲು ಕೋಡನ್ನೆಲ್ಲ ಮೇಲೆ, ಅಂದರೆ ಕ್ಲೌಡ್‌ಗೆ ಕಳಿಸಿಯೇ ನೋಡುತ್ತಿದ್ದೆ. ಒಂದು ಸಾಲು ಬದಲಾದರೂ ಪ್ಯಾಕ್ ಮಾಡು, ಕಳಿಸು, ಲಾಗ್ (ಕೋಡ್ ಓಡಿದ್ದರ ದಾಖಲೆ) ಬರುವವರೆಗೆ ಕಾಯಿ. ಒಂದು ಪ್ಲೇಟ್ ಮಂಡಕ್ಕಿ, ಮಿರ್ಚಿ ಖಾಲಿ ಆಗುವಷ್ಟು ಹೊತ್ತು. ದುಡ್ಡಿನ ಚಿಂತೆ ಇರಲಿಲ್ಲ, ಲ್ಯಾಂಬ್ಡಾವನ್ನು ತಿಂಗಳಿಗೆ 10 ಲಕ್ಷ ಸಲ ಕರೆಯುವುದು ಉಚಿತ. ಹೋಗುತ್ತಿದ್ದದ್ದು ಸಮಯ. ಅದರ ಮೇಲೆ ವಿದ್ಯಾನಗರದ ನಮ್ಮ ಮನೆಯಲ್ಲಿ ಕರೆಂಟ್ ಹೋದರೆ ವೈಫೈಯೂ ಹೋಗುತ್ತಿತ್ತು.

ಆಮೇಲೆ ಡಾಕರ್ (ಕೋಡನ್ನು ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಸಾಧನ) ಮತ್ತು ಸ್ಯಾಮ್ ಸಿಎಲ್‌ಐ (ಲ್ಯಾಂಬ್ಡಾವನ್ನು ಲ್ಯಾಪ್‌ಟಾಪ್‌ನಲ್ಲೇ ಪರೀಕ್ಷಿಸಲು ಅಮೆಜಾನ್ ಕೊಡುವ ಸಾಧನ) ಹಾಕಿಕೊಂಡೆ. ‘ಸ್ಯಾಮ್ ಲೋಕಲ್ ಇನ್ವೋಕ್’ ಅಂತ ಕೊಟ್ಟರೆ ಲ್ಯಾಂಬ್ಡಾ ಥರದ್ದೇ ಒಂದು ಕಂಟೇನರ್ ಲ್ಯಾಪ್‌ಟಾಪ್‌ನಲ್ಲೇ ಎದ್ದು ಕೋಡ್ ಓಡಿಸುತ್ತದೆ. ಮೊದಲ ಸಲ ಆ ಕಂಟೇನರ್‌ನ ಅಚ್ಚು, ಅಂದರೆ ಇಮೇಜ್, ಇಳಿಯಲು ತಡ. ಒಮ್ಮೆ ಇಳಿದ ಮೇಲೆ ‘ಸ್ಕಿಪ್ ಪುಲ್ ಇಮೇಜ್’ ಅಂತ ಸೇರಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಟೈಮ್‌ಔಟ್ (ಓಡಲು ಕೊಟ್ಟ ಗಡುವು) ಕೂಡ ಪಾಲಿಸುತ್ತದೆ. ನಾವೇನೂ ಹೇಳದಿದ್ದರೆ 3 ಸೆಕೆಂಡ್, ಅಷ್ಟಕ್ಕೇ ಕಟ್.

ಡೇಟಾಬೇಸ್‌ಗೆ, ಲ್ಯಾಪ್‌ಟಾಪ್‌ನಲ್ಲೇ ಓಡುವ ಡೈನಮೋಡಿಬಿ ಲೋಕಲ್ ಇಟ್ಟುಕೊಂಡೆ, ಪೋರ್ಟ್ 8000. ಇಲ್ಲಿ ಅರ್ಧ ದಿನ ಹಾಳಾಯಿತು. ಕೋಡ್‌ನಲ್ಲಿ ಡೇಟಾಬೇಸ್‌ನ ವಿಳಾಸ ‘ಲೋಕಲ್‌ಹೋಸ್ಟ್’ (ಇದೇ ಯಂತ್ರ) ಅಂತ ಬರೆದಿದ್ದೆ. ಆದರೆ ಕೋಡ್ ಓಡುವುದು ಕಂಟೇನರ್ ಒಳಗೆ ಅಲ್ವಾ? ಅದಕ್ಕೆ ಲೋಕಲ್‌ಹೋಸ್ಟ್ ಅಂದರೆ ಅದೇ ಕಂಟೇನರ್, ನನ್ನ ಲ್ಯಾಪ್‌ಟಾಪ್ ಅಲ್ಲ. ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕ್‌ಗೆ ಸೇರಿಸಿ, ಡೇಟಾಬೇಸ್ ಕಂಟೇನರನ್ನು ಅದರ ಹೆಸರಿನಿಂದ ಕರೆದ ಮೇಲೆ ಸರಿಹೋಯಿತು. ಮೊದಲ ಚೀಲ 64.5 ಕೆಜಿ ಅಂತ ಬರೆಯಲು ಹೋದರೆ ಬೋಟೋತ್ರೀ (ಪೈಥಾನ್ ಕೋಡ್‌ನಿಂದ ಅಮೆಜಾನ್ ಕ್ಲೌಡ್ ಕರೆಯುವ ಲೈಬ್ರರಿ) ಫ್ಲೋಟ್ (ಅಂದಾಜಿನ ದಶಮಾಂಶ) ತಗೊಳ್ಳಲ್ಲ, ಡೆಸಿಮಲ್ (ನಿಖರ ದಶಮಾಂಶ) ಕೊಡು ಅಂತ ಹಟ ಮಾಡಿತು. ಕೊಟ್ಟೆ.

ಎಲ್ಲ ಪಾಸಾಗಿತ್ತು. ಮೇಲೆ ಕಳಿಸಿದೆ. ಮೊದಲ ಸಂಜೆಯೇ ಬಿತ್ತು: ಫೈಲ್ ಸಿಗುತ್ತಿಲ್ಲ.

ಬಕೆಟ್‌ನಲ್ಲಿ ಫೈಲ್ ಇದೆ, ಕಣ್ಣಿಗೆ ಕಾಣುತ್ತಿದೆ. ಗುಮಾಸ್ತರು ಅದಕ್ಕೆ ‘ರಾಶಿ ತೂಕ ಸೋಮವಾರ’ ಅಂತ ಚೆಂದಾಗಿ ಹೆಸರಿಟ್ಟಿದ್ದರು. ಫೈಲ್ ಬಂತು ಅಂತ ಎಸ್‌ತ್ರೀ ಫಂಕ್ಷನ್‌ಗೆ ಕಳಿಸುವ ಸುದ್ದಿಯನ್ನು, ಅಂದರೆ ಈವೆಂಟನ್ನು, ಲಾಗ್‌ನಲ್ಲಿ ಬಿಚ್ಚಿ ನೋಡಿದೆ. ಎಸ್‌ತ್ರೀ ಆ ಹೆಸರನ್ನು ಯುಆರ್‌ಎಲ್‌ಗೆ ಬರೆಯುವ ಹಾಗೆ ಬರೆದು ಕಳಿಸುತ್ತದೆ. ಜಾಗ ಬಿಟ್ಟಲ್ಲೆಲ್ಲ ಪ್ಲಸ್, ಕನ್ನಡ ಅಕ್ಷರವೆಲ್ಲ ಶೇಕಡಾ ಚಿಹ್ನೆಗಳ ಸಾಲು. ನಾನು ಅದನ್ನೇ ಹೆಸರು ಅಂದುಕೊಂಡು ಹುಡುಕುತ್ತಿದ್ದೆ. ಅದನ್ನು ಮತ್ತೆ ಮೂಲ ಹೆಸರು ಮಾಡಲು ಪೈಥಾನ್‌ನ ‘ಅನ್‌ಕೋಟ್ ಪ್ಲಸ್’ ಅನ್ನುವ ಒಂದು ಸಾಲು ಸಾಕಿತ್ತು. ಈ ತಪ್ಪು ಲೋಕಲ್‌ನಲ್ಲಿ ಯಾಕೆ ಸಿಗಲಿಲ್ಲ? ಪರೀಕ್ಷೆಯ ಈವೆಂಟ್ ಫೈಲನ್ನು ನಾನೇ ಕೈಯಾರೆ ಬರೆದಿದ್ದೆ. ಫೈಲಿನ ಹೆಸರು ಇಂಗ್ಲಿಷ್‌ನಲ್ಲಿ, ಜಾಗ ಬಿಡದೆ, ನನಗೆ ಬೇಕಾದ ಹಾಗೆ.

ಮೂರನೇ ದಿನ ಬೆಳಗ್ಗೆ ಸಾಹುಕಾರರ ಫೋನು.

“ಏನ್ ತಮ್ಮ, ತಾರೀಖು ನಿನ್ನೇದೇ ಐತಲ್ಲ. ನಿನ್ನ ಕಂಪ್ಯೂಟರ್‌ಗೆ ಇನ್ನೂ ಬೆಳಗಾಗಿಲ್ವಾ?”

ನಿಜಕ್ಕೂ ಆಗಿರಲಿಲ್ಲ. ಲ್ಯಾಂಬ್ಡಾ ನೋಡುವುದು ಯುಟಿಸಿ ಗಡಿಯಾರ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮಗೆ ಬೆಳಗಿನ 5 ಆದರೆ ಅಲ್ಲಿ ಹಿಂದಿನ ರಾತ್ರಿ 11:30. ಟೈಮರ್ ಇಡುವಾಗ ಇದೇ ಲೆಕ್ಕ ಹಾಕಿ 23:30 ಅಂತ ಇಟ್ಟವನು ನಾನೇ, ಕೋಡ್‌ನಲ್ಲಿ ಮಾತ್ರ ಮರೆತಿದ್ದೆ. ಕಂಟೇನರ್ ಒಳಗೂ ಯುಟಿಸಿಯೇ ಇರುತ್ತದೆ. ಆದರೆ ನಾನು ಪರೀಕ್ಷೆ ಮಾಡಿದ್ದು ಮಧ್ಯಾಹ್ನ. ಆಗ ಎರಡು ಕಡೆಯೂ ಒಂದೇ ತಾರೀಖು! ಈಗ ಕೋಡ್ ‘ಈಗ ಎಷ್ಟು ಗಂಟೆ’ ಅಂತ ಕೇಳುವುದೇ ಇಲ್ಲ. ಟೈಮರ್‌ನ ಈವೆಂಟ್ ಒಳಗೇ ಸಮಯ ಬರುತ್ತದೆ, ಅದಕ್ಕೆ 5:30 ಸೇರಿಸುತ್ತೇನೆ. ಹಾಗಾಗಿ ಬೆಳಗಿನ ಜಾವದ ಪರೀಕ್ಷೆಯನ್ನು ಊಟ ಆದ ಮೇಲೂ ಮಾಡಬಹುದು.

ಅಲ್ಲಿಂದ ಕೈಯಾರೆ ಈವೆಂಟ್ ಬರೆಯುವುದನ್ನು ಬಿಟ್ಟೆ. ಫಂಕ್ಷನ್ ಒಳಗೆ ಬಂದ ಈವೆಂಟನ್ನು ಲಾಗ್‌ಗೆ ಬರೆಸುತ್ತೇನೆ. ಏನಾದರೂ ಕೆಟ್ಟರೆ ಅದನ್ನು ಎತ್ತಿಕೊಂಡು ಬಂದು ಒಂದು ಫೋಲ್ಡರ್‌ನಲ್ಲಿ ಇಡುತ್ತೇನೆ. ಕಳಿಸುವ ಮೊದಲು ಎಲ್ಲವನ್ನೂ ಒಂದಾದ ಮೇಲೊಂದು ಲೋಕಲ್‌ನಲ್ಲೇ ಓಡಿಸುತ್ತೇನೆ.

ಅನುಮತಿಗಳ ವಿಷಯದಲ್ಲಿ ಮಾತ್ರ ಲೋಕಲ್ ನಂಬಬೇಡಿ. ಕಂಟೇನರ್‌ಗೆ ಹೋಗುವುದು ನಿಮ್ಮ ಸ್ವಂತ ಕೀಲಿ. ನನ್ನದಕ್ಕೆ ಎಲ್ಲ ಬಾಗಿಲೂ ತೆರೆಯುತ್ತಿತ್ತು. ಫಂಕ್ಷನ್‌ನ ರೋಲ್‌ಗೆ (ಅದಕ್ಕೆ ಕೊಟ್ಟ ಹಕ್ಕುಗಳ ಗುರುತಿಗೆ) ಬಕೆಟ್ ಓದುವ ಹಕ್ಕೇ ಕೊಡದಿದ್ದರೂ ಲೋಕಲ್‌ನಲ್ಲಿ ಗೊತ್ತಾಗಲ್ಲ. ಅದಕ್ಕೇ ಮೇಲೆ ಪ್ರತ್ಯೇಕವಾಗಿ ಒಂದು ಟೆಸ್ಟ್ ಸ್ಟ್ಯಾಕ್ (ಪರೀಕ್ಷೆಗೆಂದೇ ಇದೇ ವ್ಯವಸ್ಥೆಯ ನಕಲು) ಇಟ್ಟು, ಕೊನೆಗೆ ಒಂದು ಸಲ ಅಲ್ಲಿ ಓಡಿಸಿಯೇ ಮಂಡಿಗೆ ಕೊಡುತ್ತೇನೆ.

ಗುಮಾಸ್ತರಿಗೆ ಫೈಲ್ ಹೆಸರಿನಲ್ಲಿ ಜಾಗ ಬಿಡಬೇಡಿ ಅಂತ ಹೇಳಲು ಹೋಗಿಲ್ಲ. ಮೊನ್ನೆ ಹೆಸರಿನ ಜೊತೆ ಒಂದು ಬ್ರಾಕೆಟ್ಟೂ ಬಂದಿದೆ, ಒಳಗೆ ‘ಹೊಸದು’ ಅಂತ. ಅದೂ ಫೋಲ್ಡರ್ ಸೇರಿದೆ.