ತೆರೆದ ತುದಿಯಲ್ಲಿ 12.6 ವೋಲ್ಟ್

ನಮ್ಮದು ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟ. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಅಂಥ ದಿನಗಳಿಗೆಂದು ಇಟ್ಟುಕೊಂಡಿದ್ದ 12 ವೋಲ್ಟ್ ಬ್ಯಾಟರಿಯಿಂದ ಹಳೆಯ ರೇಡಿಯೊ ನಡೆಸಿ ಮಡಿಕೇರಿ ಆಕಾಶವಾಣಿ ಕೇಳಬೇಕೆಂದು ಹೊರಟೆ. ರೇಡಿಯೊಗೆ ಬೇಕಾದದ್ದು ನಾಲ್ಕು ಸೆಲ್‌ಗಳ 6 ವೋಲ್ಟ್. ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಎಂಬ ಪುಟ್ಟ ಬಿಡಿಭಾಗ ವೋಲ್ಟೇಜ್ ಇಳಿಸುತ್ತದೆ ಎಂದು ಕೇಳಿದ್ದೆನಲ್ಲ, 100 ಓಮ್ (ಓಮ್ ಎಂದರೆ ತಡೆಯ ಅಳತೆ; ಅದನ್ನು ಮೈಮೇಲಿನ ಬಣ್ಣದ ಪಟ್ಟಿ ಹೇಳುತ್ತದೆ, ಇದರದ್ದು ಕಂದು-ಕಪ್ಪು-ಕಂದು) ಒಂದನ್ನು ಬ್ಯಾಟರಿಗೆ ಜೋಡಿಸಿ ಅದರ ಆಚೆ ತುದಿಯಲ್ಲಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇಟ್ಟೆ. 12.6 ತೋರಿಸಿತು. ಬ್ಯಾಟರಿಯಲ್ಲೂ 12.6. ಒಂದು ಸಾವಿರ ಓಮ್ ಹಾಕಿದರೂ ಅಂಕಿ ಅಲುಗಲಿಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ನಮ್ಮ ಮಾತೇ ಎಂದು ಈಗ ಅನ್ನಿಸುತ್ತದೆ. ಸ್ವಿಚ್ ಒತ್ತದಿದ್ದರೂ ‘ಕರೆಂಟು ಇದೆ’ ಎನ್ನುತ್ತೇವೆ. ಆಗ ಇರುವುದು ವೋಲ್ಟೇಜ್ ಮಾತ್ರ. ಕರೆಂಟ್ ಎಂದರೆ ಹರಿವು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕಂಡದ್ದು ನೆನಪಾಯಿತು. ವಾಲ್ವನ್ನು ಅರ್ಧ ಮುಚ್ಚಿದ್ದರೂ ಪೈಪಿನ ಕೊನೆ ಬಂದ್ ಆಗಿರುವವರೆಗೆ ಅಲ್ಲಿ ಒತ್ತಡ ಪೂರ್ತಿ ಇರುತ್ತದೆ. ನೀರು ಬಿಟ್ಟೊಡನೆ ಕುಸಿಯುತ್ತದೆ. ರೆಸಿಸ್ಟರ್ ಕೂಡ ಹಾಗೆಯೇ. ಅದು ತಿನ್ನುವ ವೋಲ್ಟೇಜ್ ಅದರ ಓಮ್ ಮತ್ತು ಅದರಲ್ಲಿ ಹರಿಯುವ ಕರೆಂಟ್‌ನ ಗುಣಲಬ್ಧ. ಹರಿವು ಇಲ್ಲದಿದ್ದರೆ ಇಳಿತವೂ ಇಲ್ಲ.

ರೇಡಿಯೊ ಜೋಡಿಸಿದೆ. ಸಣ್ಣ ದನಿಯಲ್ಲಿ ಅದು ಎಳೆದದ್ದು 30 ಮಿಲಿ ಆಂಪಿಯರ್. 100 ಓಮ್‌ನಲ್ಲಿ 3 ವೋಲ್ಟ್ ಇಳಿದು ರೇಡಿಯೊಗೆ 9.6 ಹೋಯಿತು, ಅದಕ್ಕೆ ಅಪಾಯಕಾರಿಯಾದಷ್ಟು. ದನಿ ಏರಿಸಿದಾಗ 70 ಮಿಲಿ ಆಂಪಿಯರ್, 5.6 ವೋಲ್ಟ್. ವಾರ್ತೆ ಸ್ಪಷ್ಟವಾಗಿತ್ತು, ಹಾಡಿನಲ್ಲಿ ಚೆಂಡೆ ಬಂದಾಗಲೆಲ್ಲ ದನಿ ಕಟ್ಟುತ್ತಿತ್ತು. ಕಾಲು ವ್ಯಾಟ್ ಮಾತ್ರ ತಾಳುವ ರೆಸಿಸ್ಟರ್ ಸುಮಾರು ಅರ್ಧ ವ್ಯಾಟ್ ಹೊತ್ತು ಬೆರಳು ಸುಡುವಷ್ಟು ಕಾದಿತ್ತು. ಮೊದಲು ಅಳೆಯದೆ ಹೀಗೆ ಯಾರೂ ಜೋಡಿಸಬಾರದು.

ಒಂದು ಸಾವಿರ ಓಮ್‌ನ ಎರಡನ್ನು ಬ್ಯಾಟರಿಗೆ ಅಡ್ಡಲಾಗಿ ಸರಣಿಯಲ್ಲಿಟ್ಟು, ಅವುಗಳ ನಡುವಿನಿಂದ ರೇಡಿಯೊಗೆ ತಂತಿ ತೆಗೆದೂ ನೋಡಿದೆ. ಮೀಟರ್ 6.3 ಎಂದು ಚೆಂದವಾಗಿ ತೋರಿಸಿತು, ರೇಡಿಯೊ ಉಸಿರೆತ್ತಲಿಲ್ಲ. ಮೇಲಿನ ರೆಸಿಸ್ಟರ್‌ನಲ್ಲಿ ಎಷ್ಟೆಂದರೂ 12.6 ಮಿಲಿ ಆಂಪಿಯರ್‌ಗಿಂತ ಹೆಚ್ಚು ಹರಿಯಲಾರದು. ರೇಡಿಯೊ ಕೇಳುವುದು 30. ಕೊನೆಗೆ 7806 ಎಂಬ ಮೂರು ಕಾಲಿನ ರೆಗ್ಯುಲೇಟರ್ ಹಾಕಿದೆ. ದನಿ ಏರಲಿ ಇಳಿಯಲಿ, ಅದು 6 ವೋಲ್ಟ್ ಬಿಟ್ಟು ಕದಲುವುದಿಲ್ಲ.

ರೆಸಿಸ್ಟರ್‌ಗೆ ನಿಜವಾಗಿ ಒಪ್ಪುವ ಕೆಲಸ ಎಲ್‌ಇಡಿ. ಬಿಳಿ ಎಲ್‌ಇಡಿ ತನ್ನ ಪಾಲಿಗೆ ಸುಮಾರು 3 ವೋಲ್ಟ್ ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ರೆಸಿಸ್ಟರ್ ಹೊರುತ್ತದೆ. ಹಾಗಾಗಿ ಲೆಕ್ಕ ಕೈಗೆ ಸಿಗುತ್ತದೆ. ಮೂರನ್ನು ಸರಣಿಯಲ್ಲಿಟ್ಟರೆ 9 ಹೋಗಿ 3.6 ಉಳಿಯಿತು, 20 ಮಿಲಿ ಆಂಪಿಯರ್‌ಗೆ 180 ಓಮ್ ಎಂದು ಲೆಕ್ಕ ಹಾಕಿ ಬೆಸೆದೆ. ಆದರೆ ಸೌರ ಫಲಕದಿಂದ ಚಾರ್ಜ್ ಆಗುವಾಗ ಬ್ಯಾಟರಿ 14.4ಕ್ಕೆ ಏರುತ್ತದೆ, ಎಲ್‌ಇಡಿಗಳಲ್ಲಿ 20ರ ಬದಲು 30 ಮಿಲಿ ಆಂಪಿಯರ್ ಹರಿಯುತ್ತದೆ. ಆದ್ದರಿಂದ ಲೆಕ್ಕವನ್ನು 14.4ರಿಂದಲೇ ಹಿಡಿದು 270 ಓಮ್ ಹಾಕಿದೆ: ಕೆಂಪು, ನೇರಳೆ, ಕಂದು. ರಾತ್ರಿ 12.6ರಲ್ಲಿ ಹರಿಯುವುದು 13 ಮಿಲಿ ಆಂಪಿಯರ್. ಬೆಳಕು ತುಸು ಕಡಿಮೆಯೇ, ಒಲೆಯ ಬದಿಯಲ್ಲಿ ಕೂತು ಅಕ್ಕಿ ಆರಿಸಲು ಸಾಕಾಗುತ್ತದೆ.