ಎಲ್ಕ್ ಬೇಟೆಗೆ ಹೊರಟಿದ್ದೀರಾ? ಗೈಡ್‌ಗೆ ಟಿಪ್ಪು ಕೊಡೋದನ್ನೂ ಕಲಿಯಿರಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕೊಲೊರಾಡೊದ ಡೆನ್ವರ್‌ನಲ್ಲಿರುವ ನಮ್ಮ ಹುಡುಗರಿಗೆ, ಅದರಲ್ಲೂ ಕೊಡಗು-ಮಲೆನಾಡಿನವರಿಗೆ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಹುಚ್ಚು ಹತ್ತುತ್ತದೆ. ತಪ್ಪೇನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಊರಲ್ಲಿ ಶಿಕಾರಿ ಮುಗಿದ ಕತೆ. ಕೊಡಗಿನ ಆಯುಧಪೂಜೆಯಾದ ಕೈಲ್‌ಪೊಳ್ದಿಗೆ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಕೈಮುಗಿಯುವುದೊಂದು ಉಳಿದಿದೆ.

ಬೇಟೆಯ ತರಬೇತಿ ಮುಗಿಸಿದ್ದಕ್ಕೆ ಕೊಡುವ ಹಂಟರ್ ಎಜುಕೇಷನ್ ಕಾರ್ಡ್, ಲೈಸೆನ್ಸ್, ಕಿತ್ತಳೆ ಅಂಗಿ-ಟೊಪ್ಪಿ ಮೊದಲೇ ಮಾಡಿಕೊಳ್ಳಿ. ಎಚ್‌-1ಬಿ ವೀಸಾ ಮೇಲಿರುವವರು ಬೇಟೆಯ ಲೈಸೆನ್ಸ್ ಕೈಗೆ ಬರದೆ ಕೋವಿ ಮುಟ್ಟಬೇಡಿ. ಅಷ್ಟೇ.

ನಮ್ಮವರ ಮಾನ ಹೋಗುವುದು ಕ್ಯಾಂಪ್ ಬಿಡುವ ದಿನ. "ಏಳು ಸಾವಿರ ಡಾಲರ್ ಕಟ್ಟಿದ್ದೀವಲ್ಲ, ಮತ್ತೆಂಥ ಟಿಪ್ಪು?" ಸ್ವಾಮಿ, ಆ ದುಡ್ಡು ಬೇಟೆಯ ಕ್ಯಾಂಪ್ ನಡೆಸುವ ಔಟ್‌ಫಿಟರ್‌ಗೆ. ಕುದುರೆ, ಹುಲ್ಲು, ಪರ್ಮಿಟ್ಟು, ಇನ್ಶೂರೆನ್ಸ್ ಎಲ್ಲ ಅದರಲ್ಲೇ ಆಗಬೇಕು. ಗೈಡ್‌ಗೆ ಸಿಗುವುದು ಸೀಸನ್ನಿನ ದಿನಗೂಲಿ. ಬೇಟೆಯ ಖರ್ಚಿನ ಶೇ. 10ರಿಂದ 20 ಇಲ್ಲಿನ ರೂಢಿ. ಏಳು ಸಾವಿರಕ್ಕೆ 700ರಿಂದ 1,400. ಅಡುಗೆಯವರಿಗೆ, ಕುದುರೆ ನೋಡಿಕೊಳ್ಳುವವನಿಗೆ ಬೇರೆ.

"ಪ್ರಾಣಿನೇ ಬೀಳಲಿಲ್ಲವಲ್ಲ" ಅನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕೊಲೊರಾಡೊದಲ್ಲಿ ಬರಿಗೈಯಲ್ಲಿ ಮರಳುವವರೇ ಹೆಚ್ಚು. ನೀವು ಹೊದ್ದು ಮಲಗಿದ್ದಾಗ ಗೈಡ್ ಕತ್ತಲಲ್ಲೇ ಎದ್ದು ಕುದುರೆಗೆ ಜೀನು ಬಿಗಿದಿರುತ್ತಾನೆ. ಪ್ರಾಣಿ ಬಿದ್ದರಂತೂ ಹಣೆಗೆ ದೀಪ ಕಟ್ಟಿಕೊಂಡು, ಹಿಮದಲ್ಲಿ ಮೊಣಕಾಲೂರಿ ಚರ್ಮ ಬಿಡಿಸಿ, ತೊಡೆ-ಭುಜ ಬೇರೆ ಮಾಡಿ, ಬಟ್ಟೆಚೀಲಕ್ಕೆ ತುಂಬಿ ಹೇಸರಗತ್ತೆಯ ಎರಡೂ ಪಕ್ಕ ತೂಕ ಸರಿದೂಗಿಸಿ ಹೇರುವುದೂ ಅವನೇ. ಮೂಳೆ ತೆಗೆದ ಮಾಂಸವೇ 200 ಪೌಂಡಿನ ಆಸುಪಾಸು.

ಇನ್ನೊಂದು ಪ್ರಸಂಗ: ನಾಲ್ಕು ಜನ ಒಲೆ ಸುತ್ತ ಕೂತು, ಫೋನಿನಲ್ಲಿ ಭಾಗಿಸುತ್ತ, ಕನ್ನಡದಲ್ಲೇ ಚೌಕಾಸಿ ಮಾಡುವುದು. ಗೈಡ್‌ಗೆ ಕನ್ನಡ ಬರದು, ಮುಖ ಓದಲು ಬರುತ್ತದೆ. ಮೈಸೂರ್‌ಪಾಕ್ ಡಬ್ಬಿ ಕೊಡಿ, ಧಾರಾಳವಾಗಿ ಕೊಡಿ, ಆದರೆ ಟಿಪ್ಪಿನ ಲಕೋಟೆಯ ಜೊತೆಗೆ. ಟಿಪ್ಪಿನ ಬದಲು ಮಾಂಸ ಅಂತೂ ಬೇಡ; ಅವನ ಫ್ರೀಜರ್ ತುಂಬಿರುತ್ತದೆ.

ಮಾಂಸ ಕೊಡಬೇಕೆನ್ನಿಸುವುದು ಯಾಕೆಂದು ಗೊತ್ತು. ಅಜ್ಜನ ಕಾಲದಲ್ಲಿ ಈಡು ಹೊಡೆದವನಿಗೆ, ಹಳುವಿಗೆ (ಕಾಡಿಗೆ) ಇಳಿದು ಪ್ರಾಣಿ ಎಬ್ಬಿಸಿ ಸೋವಿದವರಿಗೆ, ಕೊನೆಗೆ ನಾಯಿಗೂ ಪಾಲಿತ್ತು. ಪಾಲು ಪಡೆದವರು ನಾಳೆ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದರು, ನಾವು ಅವರ ಮನೆ ಮದುವೆಗೆ ಹೋಗುತ್ತಿದ್ದೆವು. ಇಲ್ಲಿ ಲಕೋಟೆ ಕೊಟ್ಟಲ್ಲಿಗೆ ಋಣ ತೀರಿತು. ಇಲ್ಲೇ ಹುಟ್ಟಿದ ನನ್ನ ಮಗನಿಗೆ ಇದರಲ್ಲಿ ಕಸಿವಿಸಿಯೇನೂ ಇಲ್ಲ: ಕಣ್ಣಲ್ಲಿ ಕಣ್ಣಿಟ್ಟು ಕೈಕುಲುಕಿ, ಲಕೋಟೆ ಕೊಟ್ಟು, ಥ್ಯಾಂಕ್ಸ್ ಹೇಳಿ ಟ್ರಕ್ ಹತ್ತುತ್ತಾನೆ. ನಾನು ಇನ್ನೂ ಐದು ನಿಮಿಷ ಅಲ್ಲೇ ನಿಂತು ಗೈಡ್‌ನ ಮನೆಮಂದಿಯ ಕ್ಷೇಮ ವಿಚಾರಿಸುತ್ತೇನೆ. ಮಗನಿಗೆ ಅದೇ ಮುಜುಗರ.

ನಗದೇ ಒಯ್ಯಿರಿ, ಬೆಟ್ಟದ ಮೇಲೆ ಎಟಿಎಮ್ಮೂ ಇಲ್ಲ, ಸಿಗ್ನಲ್ಲೂ ಇಲ್ಲ. ಕ್ಯಾಂಪಿನಲ್ಲಿ ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಬುಕ್ ಮಾಡುವಾಗಲೇ ಕೇಳಿ, ತಲೆಗೊಂದು ಲಕೋಟೆ ಮನೆಯಲ್ಲೇ ಸಿದ್ಧ ಮಾಡಿಕೊಳ್ಳಿ.