ಇಳಿಜಾರು ನೋಡುವ ಕೆಲಸ

ಐದು ವರ್ಷ ಬಿ.ಆರ್ಕ್ (ಕಟ್ಟಡ ವಿನ್ಯಾಸದ ಪದವಿ), ಆಮೇಲೆ ಎರಡು ವರ್ಷ ನಗರ ವಿನ್ಯಾಸ ಓದಿದೆ. ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಕಟ್ಟಡಗಳ ಕೆಲಸ ಮಾಡಿ ತುಮಕೂರಿಗೆ ವಾಪಸ್ ಬಂದೆ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ರಸ್ತೆ ಕೆಲಸಕ್ಕೆ ನಮ್ಮಂಥವರು ಬೇಕಾಗಿದ್ದರು.

ಚೆಂದದ ಚಿತ್ರ ಬರೆಯೋದೇ ನನ್ನ ಕೆಲಸ ಅಂತ ನೆಂಟರು ಅಂದುಕೊಂಡಿದ್ದಾರೆ. ನಾನು ಜಾಸ್ತಿ ನೋಡೋದು ಇಳಿಜಾರನ್ನ. ಗಾಲಿಕುರ್ಚಿ ಒಂದು ಅಡಿ ಏರಬೇಕಾದರೆ ರ‍್ಯಾಂಪ್ ಹನ್ನೆರಡು ಅಡಿ ಉದ್ದ ಇರಬೇಕು. ಆರಿಂಚಿನ ಫುಟ್‌ಪಾತಿಗೆ ಆರಡಿ. ಅಷ್ಟು ಜಾಗ ಎಲ್ಲಿದೆ ಸಾರ್ ಅಂತ ಗುತ್ತಿಗೆದಾರರು ಎರಡಡಿಯಲ್ಲೇ ಮುಗಿಸಿಬಿಡುತ್ತಾರೆ. ಅದು ಬೈಕ್ ಹತ್ತಿಸೋಕೆ ಮಾತ್ರ ಅನುಕೂಲ! ಅದಕ್ಕೇ ಫುಟ್‌ಪಾತನ್ನೇ ತಗ್ಗಿಸಿ ಅಂತ ಹಠ ಹಿಡಿಯುತ್ತೇನೆ. ನಾಲ್ಕಿಂಚಾದರೆ ನಾಲ್ಕಡಿ ಸಾಕು. ವಯಸ್ಸಾದವರ ಮಂಡಿಗೂ ಒಳ್ಳೆಯದು.

ತಗ್ಗಿಸಿದರೆ ಮಳೆನೀರು ಮೇಲೆ ಹತ್ತಲ್ವಾ ಅಂತ ಎಂಜಿನಿಯರ್ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಮಳೆ ಕಮ್ಮಿ, ಬಂದರೆ ಒಂದೇ ಸಲ ಸುರಿಯುತ್ತದೆ. 2022ರ ಮಳೆಗಾಲದಲ್ಲಿ ಕೆರೆಗಳು ಕೋಡಿ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಫುಟ್‌ಪಾತ್ ತಗ್ಗಿದಷ್ಟೂ ಚರಂಡಿಯ ಬಾಯಿಗಳು ಹತ್ತಿರ ಹತ್ತಿರ ಇರಬೇಕು. ಆ ಚರಂಡಿ ಕೆರೆಯ ಕಡೆಗೇ ಇಳಿಯಬೇಕು. ನೀರಿಗೆ ಹಳೇ ದಾರಿ ಗೊತ್ತಿರುತ್ತದೆ. ಆದ್ದರಿಂದ ರಸ್ತೆಗೆ ಗೆರೆ ಎಳೆಯುವ ಮೊದಲು ಹಳೇ ಗ್ರಾಮನಕ್ಷೆ ತೆಗೆದು ರಾಜಕಾಲುವೆ ಎಲ್ಲಿತ್ತು ಅಂತ ಹುಡುಕುತ್ತೇನೆ. ಜೋರು ಮಳೆ ನಿಂತ ಮೇಲೆ ಟೇಪು ಹಿಡಿದು ಹೊರಡುತ್ತೇನೆ. ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಇನ್ನೂ ಹಸಿಯಾಗಿರುತ್ತದೆ. ಅದನ್ನು ಅಳೆದುಕೊಂಡರೆ ಮೀಟಿಂಗ್‌ನಲ್ಲಿ ವಾದ ಬೇಗ ಮುಗಿಯುತ್ತದೆ.

ಫುಟ್‌ಪಾತಿನ ಅಂಚಿನ ಕರ್ಬ್ ಕಲ್ಲುಗಳ ನಡುವೆ ಸಂದು ಬಿಡಿಸಿ, ಸ್ವಲ್ಪ ನೀರನ್ನು ಹೊಂಗೆ ಮರದ ಪಾತಿಗೂ ತಿರುಗಿಸುತ್ತೇವೆ. ಬುಡಕ್ಕೆ ಸಿಮೆಂಟ್ ಬಳಿಯದಂತೆ ಕಾಯುವುದೇ ಒಂದು ಕೆಲಸ. ಏಪ್ರಿಲ್ ಬಿಸಿಲಲ್ಲಿ ನೆರಳಿಲ್ಲದ ಫುಟ್‌ಪಾತಿನಲ್ಲಿ ಯಾರೂ ನಡೆಯಲ್ಲ.

ನೆರಳಿದ್ದ ಕಡೆ ಹೂವಿನವರು, ಎಳನೀರಿನವರು ಬಂದೇ ಬರುತ್ತಾರೆ. ನಕ್ಷೆಯಲ್ಲಿ ಅವರಿಗೆ ಜಾಗ ಬಿಡದಿದ್ದರೆ ಗಾಡಿ ನಿಲ್ಲೋದು ಗಾಲಿಕುರ್ಚಿಯ ದಾರಿಯಲ್ಲೇ. ನಡೆಯಲು 1.8 ಮೀಟರ್ ಖಾಲಿ ಇರಬೇಕು ಅನ್ನುತ್ತದೆ ರಸ್ತೆ ಮಾನದಂಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಇವರ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆ ಹೆಂಗಸರ ಜೊತೆ ಮಾತಾಡಿದರೆ ಗಾಡಿಯ ಜಾಗಕ್ಕಿಂತ ಮೊದಲು ಅವರು ಕೇಳೋದು ಹತ್ತಿರದಲ್ಲೊಂದು ಶೌಚಾಲಯ. ಈಗ ನಕ್ಷೆಯಲ್ಲಿ ಅದನ್ನೇ ಮೊದಲು ಗುರುತು ಮಾಡುತ್ತೇನೆ. ಅದಕ್ಕೆ ಬೇಕಾದ ಜಾಗವನ್ನು ಕಾರ್ ಪಾರ್ಕಿಂಗ್‌ನಿಂದಲೇ ಕೀಳಬೇಕು. ಅಂಗಡಿಯವರ ಜೊತೆ ಜಗಳ ತಪ್ಪಿದ್ದಲ್ಲ.